ಅಮ್ಮನ ಮೇಲೆ ಭಾರ ಹಾಕಿದ ಮೇಲೆ

ನವರಾತ್ರಿ ಬಂತೆಂದರೆ ಗಂಗಾವತಿ, ಕೊಪ್ಪಳ ಸೀಮೆಯ ಜನ ಹೇಮಗುಡ್ಡದ ದಾರಿ ಹಿಡಿಯುತ್ತಾರೆ. ಹಳೆಯ ಕೋಟೆ, ದುರ್ಗಾಪರಮೇಶ್ವರಿಯ ಗುಡಿ, ಆನೆಯ ಮೇಲೆ ಅಂಬಾರಿಯ ಮೆರವಣಿಗೆ. ನೋಡಲು ಬಂದವರ ನಡುವೆ ಹರಕೆ ಹೊತ್ತು ಬಂದವರೂ ಇರುತ್ತಾರೆ. ಒಬ್ಬರಿಗೆ ಮಗುವಿನ ಮೂರ್ಛೆ ನಿಲ್ಲಬೇಕು, ಇನ್ನೊಬ್ಬರಿಗೆ ಗಂಡನ ಕೆಮ್ಮು ಹೋಗಬೇಕು.

ದೇವರು ರೋಗ ವಾಸಿ ಮಾಡುತ್ತಾನೆಯೇ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಮಾಡುತ್ತಾನೆ ಎಂದು ನೀವು ನಂಬಿದ್ದೀರಿ ಎಂದೇ ಇಟ್ಟುಕೊಳ್ಳೋಣ. ನಾನು ಕೇಳುವುದು ಬೇರೆ: ಹಾಗೆ ನಿಜವಾಗಿ ನಂಬಿದವರು ಮೈಗೆ ಹುಷಾರಿಲ್ಲದಾಗ ಹೇಗೆ ನಡೆದುಕೊಳ್ಳಬೇಕು?

ಕೆಲವು ವರ್ಷಗಳ ಹಿಂದೆ ಈ ಕಡೆಯ ಹಳ್ಳಿಯ ತಾಯಿಯೊಬ್ಬರು ನನ್ನ ಬಳಿ ಬಂದರು. ಎದೆಯಲ್ಲಿ ಗಂಟು. ಕಾಣಿಸಿಕೊಂಡು ಎಂಟು ತಿಂಗಳಾಗಿತ್ತು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದರೆ, "ಅಮ್ಮನ ಮ್ಯಾಲೆ ಭಾರ ಹಾಕೀನ್ರಿ" ಎಂದರು. "ಭಾರ ಹಾಕಿದ ಮ್ಯಾಲೆ ರಾತ್ರಿ ನಿದ್ದಿ ಬರ್ತೈತೇನವ್ವಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಂಟು ತಿಂಗಳಿಂದ ಅವರು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಗಂಟು ಎಂದರೆ ಏನಿರಬಹುದು ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ಬಾಯಿಂದ ಕೇಳುವ ಧೈರ್ಯವಿರಲಿಲ್ಲ, ಅಷ್ಟೆ.

ಇದನ್ನು ನಂಬಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇದು ಭಯ. ಭಯ ದೇವರ ಹೆಸರು ಹೇಳಿಕೊಂಡು ಮೂಲೆಯಲ್ಲಿ ಕುಳಿತಿತ್ತು. ಅಮ್ಮ ಕಾಪಾಡುತ್ತಾಳೆ ಎಂದು ಗಟ್ಟಿಯಾಗಿ ನಂಬಿದವರು ಪರೀಕ್ಷೆಗೆ ಹೆದರಬೇಕಾದದ್ದೇನಿದೆ? ಫಲಿತಾಂಶ ಏನೇ ಬರಲಿ, ಕೈ ಹಿಡಿಯುವವಳು ಇದ್ದಾಳಲ್ಲ! ಆ ತಾಯಿಗೆ ಶಸ್ತ್ರಚಿಕಿತ್ಸೆ ಆಯಿತು. ಆದರೆ ರೋಗ ಅಷ್ಟರಲ್ಲಿ ಕಂಕುಳಿನ ಗಂಟುಗಳಿಗೆ ಹಬ್ಬಿತ್ತು. ಮೊದಲೇ ಬಂದಿದ್ದರೆ ಚಿಕಿತ್ಸೆ ಇಷ್ಟು ಕಠಿಣವಾಗುತ್ತಿರಲಿಲ್ಲ.

ಗಂಟಿನ ವಿಷಯದಲ್ಲಿ ತಿಂಗಳುಗಳ ಲೆಕ್ಕವಾದರೆ, ಹಾವು ಕಡಿದಾಗ ನಿಮಿಷಗಳ ಲೆಕ್ಕ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಗಂಗಾವತಿಯ ಸುತ್ತ ಭತ್ತದ ಗದ್ದೆಗಳೇ ಗದ್ದೆಗಳು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಬದುವಿನ ಮೇಲೆ ಕತ್ತಲಲ್ಲಿ ಕಾಲಿಟ್ಟು ಕಡಿಸಿಕೊಂಡವರನ್ನು ಇಂದಿಗೂ ಮೊದಲು ಮಂತ್ರ ಹಾಕುವವರ ಬಳಿಗೋ ಗುಡಿಗೋ ಕರೆದುಕೊಂಡು ಹೋಗುವವರಿದ್ದಾರೆ. "ನಮ್ಮೂರಾಗ ಮಂತ್ರ ಹಾಕಿಸಿಕೊಂಡು ಬದುಕಿದವರು ಅದಾರ್ರೀ" ಎಂದು ವಾದಿಸುತ್ತಾರೆ. ಬದುಕಿದ್ದು ನಿಜ. ಕಾರಣ ಸರಳ. ನಮ್ಮಲ್ಲಿ ಕಡಿಯುವ ಹಾವುಗಳಲ್ಲಿ ಹೆಚ್ಚಿನವು ಕೇರೆಯಂಥ ವಿಷವಿಲ್ಲದ ಹಾವುಗಳು. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಇಳಿಸದೆ ಬರಿದೆ ಕಚ್ಚಿ ಬಿಡುತ್ತದೆ. ಅಂಥವರು ಮಂತ್ರ ಹಾಕಿಸದೆ ಮನೆಯಲ್ಲಿ ಮಲಗಿದ್ದರೂ ಬದುಕುತ್ತಿದ್ದರು. ಸತ್ತವರ ಬಗ್ಗೆ ಮಾತ್ರ ಯಾರೂ ಲೆಕ್ಕ ಕೊಡುವುದಿಲ್ಲ. ಅವರ ಆಯುಷ್ಯ ಮುಗಿದಿತ್ತು ಎಂದು ಅಲ್ಲಿಗೇ ಬಿಡುತ್ತಾರೆ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಅದನ್ನು ತಯಾರಿಸುತ್ತಾರೆ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಡಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ಕೆಲವು ತಾಸಿನ ಮೇಲೆ ರೆಪ್ಪೆ ಜೋಲು ಬೀಳುತ್ತದೆ, ಉಸಿರು ಕಟ್ಟತೊಡಗುತ್ತದೆ. ಹಾವು ಕಡಿದವರನ್ನು ನಡೆಸಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಕಡಿದ ಕೈ ಅಥವಾ ಕಾಲು ಅಲುಗಾಡದಂತೆ ಪಟ್ಟಿಗೆ ಆನಿಸಿ ಕಟ್ಟಿ, ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ಅಮ್ಮನ ಹೆಸರನ್ನು ದಾರಿಯುದ್ದಕ್ಕೂ ಹೇಳಿಕೊಳ್ಳಬಹುದು. ಅದಕ್ಕೆ ಗಾಡಿ ನಿಲ್ಲಿಸುವ ಅಗತ್ಯವಿಲ್ಲ.

ನಮ್ಮ ರಾಜ್ಯ 2017ರಲ್ಲಿ ಮಾಡಿದ ಮೌಢ್ಯ ನಿಷೇಧದ ಕಾಯ್ದೆಯೂ ಇದನ್ನೇ ಹೇಳುತ್ತದೆ. ಹಾವು, ಚೇಳು, ನಾಯಿ ಕಡಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡುವುದು ಅದರ ಪ್ರಕಾರ ಅಪರಾಧ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳಿಗೆ ಅದೇ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಶಾಸನ ಎಳೆದ ಈ ಗೆರೆ ನನಗೆ ಸರಿ ಎನಿಸುತ್ತದೆ.

ಚಿಕಿತ್ಸೆಗೆ ಹೋದರೆ ದೇವಿಗೆ ಸಿಟ್ಟು ಬರುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಅಂಥವರು ಮನೆಯ ಹಿರಿಯರ ತೋಳನ್ನು ಒಮ್ಮೆ ನೋಡಲಿ. ಅಲ್ಲಿ ಕಾಸಿನಗಲದ ಕಲೆ ಕಾಣುತ್ತದೆ. ಸಿಡುಬು ಬಂದರೆ ಅಮ್ಮ ಬಂದಳು ಎನ್ನುತ್ತಿದ್ದ ಕಾಲ ಅದು. ಸಿಡುಬಿನ ಲಸಿಕೆ ಬಂದಾಗ ನಮ್ಮ ಜನ ಅದಕ್ಕೂ ಏನೆಂದರು ಗೊತ್ತೇ? 'ದೇವಿ ಹಾಕಿಸುವುದು' ಎಂದರು! ರೋಗಕ್ಕಿಟ್ಟ ಹೆಸರನ್ನೇ ಮದ್ದಿಗೂ ಇಟ್ಟುಬಿಟ್ಟರು. 1975ರ ಮೇ ತಿಂಗಳ ನಂತರ ಭಾರತದಲ್ಲಿ ಯಾರಿಗೂ ಸಿಡುಬು ಅಂಟಿಲ್ಲ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ರೋಗ ಹೋಯಿತು. ಅಮ್ಮನ ಗುಡಿ, ಜಾತ್ರೆ, ಉಡಿ ತುಂಬುವುದು ಯಾವುದೂ ನಿಲ್ಲಲಿಲ್ಲ.

ಪ್ರಾರ್ಥನೆಯ ಫಲವನ್ನು ಅಳೆಯಲು ಹೊರಟವರೂ ಇದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ ಸುಮಾರು 1800 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ದೇವರನ್ನು ಹೀಗೆ ತಕ್ಕಡಿಗೆ ಹಾಕುವುದೇ ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಅದಕ್ಕಿಂತ ನಮಗೆ ಹತ್ತಿರದ್ದು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಪರೀಕ್ಷಿಸಿದರು. ಅವರ ತೊಂದರೆ ಸುಮಾರು ಐದನೇ ಒಂದು ಭಾಗ ಇಳಿದಿತ್ತು. ಹೊಡೆಯದೆ, ಹಂಗಿಸದೆ, ಮನೆಯವರೊಡನೆ ಇರಲು ಬಿಟ್ಟ ಜಾಗ ಅದು. ಅದೇ ರಾಜ್ಯದ ಏರ್ವಾಡಿಯಲ್ಲಿ ದೈವದ ಹೆಸರಿನಲ್ಲಿ ಸರಪಳಿ ಬಿಗಿದಿಟ್ಟಿದ್ದ ರೋಗಿಗಳಲ್ಲಿ 28 ಮಂದಿ 2001ರ ಆಗಸ್ಟ್‌ನಲ್ಲಿ ಬೆಂಕಿಗೆ ಬಲಿಯಾದರು.

ನಂಬಿಕೆ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಕೊಪ್ಪಳದ ಗವಿಮಠವನ್ನು ತೋರಿಸುತ್ತೇನೆ. 2021ರ ಕೊರೊನಾ ಎರಡನೇ ಅಲೆಯಲ್ಲಿ ಆ ಮಠ ತನ್ನ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿಸಿ ಕೋವಿಡ್ ಆಸ್ಪತ್ರೆ ತೆರೆಯಿತು. ವಿಭೂತಿ ಹಚ್ಚಿಕೊಂಡು ಮನೆಗೆ ಹೋಗಿ ಎನ್ನಲಿಲ್ಲ.

ಗುಳಿಗೆಯ ಮಾತೂ ಇಷ್ಟೇ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಔಷಧ ತಪ್ಪದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಾಗ ಹರಕೆ ಫಲಿಸಿತೆಂದು ಬಿಟ್ಟರೆ, ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗಿ ಮರಳಿ ಬರುತ್ತವೆ. ಒಂಬತ್ತು ದಿನ ದೀಪ ಆರದಂತೆ ಎಣ್ಣೆ ಹಾಕುವ ಮನೆಯಲ್ಲಿ ಆರು ತಿಂಗಳ ಗುಳಿಗೆ ನಡುವೆ ನಿಲ್ಲಬಾರದು. ಮೂರ್ಛೆಯ ಗುಳಿಗೆಯನ್ನಂತೂ ಹಬ್ಬವೆಂದು, ಉಪವಾಸವೆಂದು ಒಂದು ಹೊತ್ತೂ ತಪ್ಪಿಸಬೇಡಿ.

ಈ ಸಲ ಗುಡ್ಡಕ್ಕೆ ಹೊರಡುವ ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಉಪವಾಸ ಹಿಡಿಯುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಸಕ್ಕರೆ ಇಳಿಸುವ ಔಷಧ ತೆಗೆದುಕೊಂಡು ಊಟ ಬಿಟ್ಟರೆ ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ಜೇಬಿನಲ್ಲಿ ನಾಲ್ಕು ಚಮಚೆ ಸಕ್ಕರೆ ಕಟ್ಟಿಕೊಂಡಿರಿ. ಬರಿಗಾಲಲ್ಲಿ ನಡೆಯುವ ಹರಕೆ ಇದ್ದರೆ ಅರ್ಚಕರಿಗೆ ಹೇಳಿ ಬದಲಾಯಿಸಿಕೊಳ್ಳಿ. ಜೋಮು ಹಿಡಿದ ಪಾದಕ್ಕೆ ಕಾದ ಡಾಂಬರು ಸುಟ್ಟರೂ ತಿಳಿಯದು, ಮುಳ್ಳು ಚುಚ್ಚಿದರೂ ತಿಳಿಯದು. ಚಪ್ಪಲಿ ಗುಡಿಯ ಬಾಗಿಲವರೆಗೂ ಇರಲಿ. ಮನೆಗೆ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮೊಮ್ಮಕ್ಕಳಿಗೆ ಹೇಳಿ. ಬೊಬ್ಬೆ ಎದ್ದಿದ್ದರೆ ಒಡೆಯದೆ ಮರುದಿನವೇ ತೋರಿಸಿ.