ಶಿಕ್ಷಕರ ಕಲಿಕೆ ಪ್ರಮಾಣಪತ್ರಕ್ಕೆ ಮುಗಿಯದಿರಲಿ

ನನ್ನ ತಂಗಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಳೆದ ಸಲ ಅವಳ ಮನೆಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲಿನಲ್ಲಿ ತರಬೇತಿಯ ವಿಡಿಯೊ ಓಡುತ್ತಿತ್ತು; ಅವಳು ರೊಟ್ಟಿ ಬಡಿಯುತ್ತಿದ್ದಳು. "ಏನು ಹೇಳಾಕತ್ತಾರವ್ವಾ?" ಎಂದೆ. "ಯಾರಿಗ್ಗೊತ್ತಣ್ಣಾ, ನಾಳೆ ಸರ್ಟಿಫಿಕೇಟ್ ತೋರಿಸಬೇಕು" ಎಂದಳು. ನನಗೆ ನಗು ಬರಲಿಲ್ಲ. ಎಂಜಿನಿಯರಾಗಿ ಮೂವತ್ತು ವರ್ಷ ಸರ್ಕಾರಿ ಸೇವೆ ಮಾಡಿದ ನಾನೂ ಎಷ್ಟೋ ತರಬೇತಿಗಳಿಗೆ ಹೋಗಿ, ಹಾಜರಿಗೆ ಸಹಿ ಹಾಕಿ, ಊಟ ಮುಗಿಸಿ ಬಂದವನೇ.

ಅದೇ ತಂಗಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಭಿನ್ನರಾಶಿ ಕಲಿಸಿದ ಕತೆಯನ್ನು ಅರ್ಧ ಗಂಟೆ ಹೇಳಿದಳು. ಸಮಾಲೋಚನಾ ಸಭೆಯಲ್ಲಿ ಪಕ್ಕದೂರಿನ ಶಿಕ್ಷಕಿಯೊಬ್ಬರಿಂದ ಕಲಿತದ್ದಂತೆ. ಆಗ ಅವಳ ಮುಖದಲ್ಲಿದ್ದ ಕಳೆಯೇ ಬೇರೆ. ಶಿಕ್ಷಕರಿಗೆ ಕಲಿಯುವ ಮನಸ್ಸಿಲ್ಲ ಎನ್ನುವವರ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಅದು ಅವರವರ ಆಸಕ್ತಿಯಂತೆ ನಡೆಯಬೇಕೆಂದೂ ಹೇಳುತ್ತದೆ. ನಾವು ಗಂಟೆಯ ಲೆಕ್ಕ ಇಟ್ಟುಕೊಂಡು ಆಸಕ್ತಿಯನ್ನು ಕೈಬಿಟ್ಟೆವು.

ನಮ್ಮ ನಾಡಿನಲ್ಲೇ ಬೇರೆ ದಾರಿ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳನ್ನು ಕಣ್ಣಾರೆ ಕಂಡು, ಮರಳಿ ಬಂದು ತಾವೇ ಕಾರ್ಡುಗಳನ್ನು ಬರೆದು 'ನಲಿ-ಕಲಿ' ರೂಪಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಕಟ್ಟಿದವರು ಶಿಕ್ಷಕರೇ ಆಗಿದ್ದರಿಂದ ಅದರಲ್ಲಿ ಜೀವವಿತ್ತು. ಎಲ್ಲಿ ಅದು ಮೇಲಿನಿಂದ ಬಂದ ಆದೇಶವಾಯಿತೋ ಅಲ್ಲಿ ಕಾರ್ಡುಗಳು ಬೀರು ಸೇರಿದವು.

ಕಾಂಕ್ರೀಟು ಹಾಕಿದ ದಿನವೇ ಕೆಲಸ ಮುಗಿಯಿತು ಎಂದುಕೊಂಡ ಗುತ್ತಿಗೆದಾರನ ಛಾವಣಿ ಬಿರುಕು ಬಿಡುತ್ತದೆ. ದಿನವೂ ನೀರುಣಿಸಬೇಕು. ಬಿ.ಇಡಿ. ಪದವಿಯೂ ಹಾಗೆಯೇ. ನೀರುಣಿಸುವುದೆಂದರೆ ಬಿಡುವು, ಜೊತೆಗಾರರು, ಗೌರವ. ಸಂಬಳ ಬೇಕೇ ಬೇಕು. ಆದರೆ ವೃತ್ತಿಯ ತೃಪ್ತಿ ಸಂಬಳವೊಂದರಿಂದಲೇ ಬರುವುದಿಲ್ಲ.

ಸರ್ಕಾರವನ್ನು ಬೈಯುವುದು ಸುಲಭ. ಮಠಗಳ ಹೆಸರಿನಲ್ಲಿ ನಡೆಯುವ ನಮ್ಮ ಶಾಲೆಗಳನ್ನೂ ನೋಡಿಕೊಳ್ಳೋಣ. ಬೇಸಿಗೆ ರಜೆಯಲ್ಲಿ ಮಕ್ಕಳ ದಾಖಲಾತಿಗೆ ಮನೆಮನೆ ಅಲೆಯುವವರು ಯಾರು? ಸಮಾರಂಭಗಳಲ್ಲಿ ಕುರ್ಚಿ ಹಾಕಿ ಅತಿಥಿಗಳಿಗೆ ಹಾರ ಹಿಡಿದು ನಿಲ್ಲುವವರು ಯಾರು? ಕಾಯಕದ ಹಿರಿಮೆಯನ್ನು ವೇದಿಕೆಯ ಮೇಲೆ ಹೇಳುವ ನಾವು, ವೇದಿಕೆಯ ಕೆಳಗೆ ನಿಂತ ಶಿಕ್ಷಕರ ಕಾಯಕಕ್ಕೆ ಕೊಟ್ಟ ಬೆಲೆ ಎಷ್ಟು?

ನನ್ನ ಸಲಹೆ ಸಣ್ಣದು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮಠದ ಸಭಾಂಗಣವನ್ನು ಸುತ್ತಲಿನ ಎಲ್ಲ ಶಾಲೆಗಳ ಶಿಕ್ಷಕರಿಗೆ ಬಿಟ್ಟುಕೊಡೋಣ. ಭಾಷಣ, ಹಾರ, ಹಾಜರಿ ಪುಸ್ತಕ ಬೇಡ. ತರಗತಿಯಲ್ಲಿ ತಮಗೆ ಎದುರಾದ ತೊಡಕನ್ನು ಅವರೇ ಹೇಳಲಿ, ಅವರೇ ಬಿಡಿಸಲಿ. ಆಡಳಿತ ಮಂಡಳಿಯವರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಬೇರೆ ಬೇರೆ ಕಾಯಕದವರು ಸಮನಾಗಿ ಕುಳಿತು ಪ್ರಶ್ನಿಸಿದ ಅನುಭವ ಮಂಟಪದ ವಾರಸುದಾರರು ನಾವು. ಇಷ್ಟಾದರೂ ನಮ್ಮಿಂದ ಆಗಬೇಡವೇ?