ಬ್ಯಾಂಕಿನ ಗುರಿ ಬದಲಾಗುತ್ತದೆ, ರೈತನ ಕಂತು ಏಕೆ ಬದಲಾಗದು?

ದಢೇಸುಗೂರಿನ ತುಂಗಭದ್ರಾ ಸೇತುವೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ. ಸಿಂಧನೂರು ಸೀಮೆಯ ರೈತನಿಗೆ ಸಾಲ ನೀಡುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ಆ ಬಳ್ಳಾರಿಯಲ್ಲೇ. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಒಂದಾಗಿ, ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಎಂಬಂತಾಯಿತು. ಹೀಗೆ ಒಂದಾದಾಗ ಠೇವಣಿ, ಸಾಲ, ವಸೂಲಿ, ಲಾಭಗಳ ಮುಂದಿನ ವರ್ಷಗಳ ಗುರಿಗಳನ್ನು ಹೊಸದಾಗಿ ಹೆಣೆಯಬೇಕಾಗುತ್ತದೆ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ನಮ್ಮ ಪ್ರಶ್ನೆ ಒಂದೇ: ಪರಿಸ್ಥಿತಿ ಬದಲಾಯಿತೆಂದು ಬ್ಯಾಂಕು ತನ್ನ ಗುರಿಯನ್ನು ಪರಿಷ್ಕರಿಸಬಹುದಾದರೆ, ಅದೇ ಹಕ್ಕು ಸಾಲಗಾರನಿಗೆ ಏಕಿಲ್ಲ?

ಗ್ರಾಮೀಣ ಬ್ಯಾಂಕುಗಳು ಹುಟ್ಟಿದ್ದೇಕೆ ಎಂಬುದನ್ನು ಮರೆಯಬಾರದು. 1976ರ ಕಾಯಿದೆಯು ಸಣ್ಣ ರೈತ, ಕೃಷಿ ಕೂಲಿ, ಕುಶಲಕರ್ಮಿಗಳ ಹೆಸರನ್ನೆತ್ತಿಯೇ ಅವುಗಳನ್ನು ಸ್ಥಾಪಿಸಿತು. ಅದೇ ವರ್ಷ ಆರಂಭವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಬಳ್ಳಾರಿ, ರಾಯಚೂರು ಜಿಲ್ಲೆಗಳಿಗೆಂದೇ ಇತ್ತು. ಬಂಡವಾಳದಲ್ಲಿ ಶೇ. 50 ಕೇಂದ್ರದ್ದು, ಶೇ. 15 ರಾಜ್ಯದ್ದು, ಶೇ. 35 ಪ್ರಾಯೋಜಕ ಬ್ಯಾಂಕಿನದು. ದೇಶದ ಗ್ರಾಮೀಣ ಬ್ಯಾಂಕುಗಳು ಬಡವಾದಾಗ ಅವುಗಳನ್ನು ಎತ್ತಿ ನಿಲ್ಲಿಸಲು 10,890 ಕೋಟಿ ರೂಪಾಯಿಗಳ ಬಂಡವಾಳ ಯೋಜನೆ ರೂಪಿಸಲಾಯಿತು. ಸಂಸ್ಥೆ ಬಿದ್ದಾಗ ಸಾರ್ವಜನಿಕರ ಹಣವು ಕೈಹಿಡಿಯಿತು. ರೈತ ಬಿದ್ದಾಗ ಕೈಗೆ ಬರುವುದು ನೋಟೀಸು!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಮರುವರ್ಷ, ಗೇಟುಗಳನ್ನು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ನಿರ್ಧಾರವಾಯಿತು. ಎರಡು ಬೆಳೆಯ ಭತ್ತವನ್ನು ನಂಬಿದ ಮನೆಗೆ ಅರ್ಧ ವರ್ಷದ ಆದಾಯ ಇಲ್ಲವಾದರೆ, ಕಂತು ಮಾತ್ರ ಹೇಗೆ ಹಳೆಯ ದಿನಕ್ಕೇ ನಿಲ್ಲಬೇಕು? ಕಾಲುವೆಗೆ ನೀರು ಬಿಡುವುದು, ಬಿಡದಿರುವುದು ರೈತನ ಕೈಯಲ್ಲಿದೆಯೇ?

'ಬ್ಯಾಂಕು ಧರ್ಮಛತ್ರವಲ್ಲ, ಠೇವಣಿದಾರರ ಹಣ ಅಮಾನತ್ತು' ಎನ್ನುವವರಿದ್ದಾರೆ. ನಿಜ, ಅಮಾನತ್ತಿಗೆ ದ್ರೋಹ ಸಲ್ಲದು. ಆದರೆ ನಾವು ಕೇಳುತ್ತಿರುವುದು ಮನ್ನಾ ಅಲ್ಲ, ಕಾಲಾವಕಾಶ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನಗಳು ಪ್ರಕೃತಿ ವಿಕೋಪದಿಂದ ಶೇ. 33ಕ್ಕೂ ಹೆಚ್ಚು ಬೆಳೆ ನಷ್ಟವಾದಾಗ ಸಾಲದ ಅವಧಿಯನ್ನು ವಿಸ್ತರಿಸಲು ಅವಕಾಶ ಕೊಟ್ಟಿದ್ದವು. ನೀರಿಲ್ಲದೆ ಬಿತ್ತಲೇ ಆಗದ ಬೆಳೆಗೂ ಇಂಥದೇ ನ್ಯಾಯ ದೊರೆಯಬೇಕು. ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದ 280ನೆಯ ಸೂಕ್ತದಲ್ಲಿ, ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದು ಆದೇಶಿಸುತ್ತದೆ. ಬಿಟ್ಟುಕೊಡುವುದು ಅದಕ್ಕಿಂತಲೂ ಶ್ರೇಷ್ಠವೆನ್ನುತ್ತದೆ.

'ಬಡ್ಡಿ ನಿಷಿದ್ಧ, ಆದ್ದರಿಂದ ಬ್ಯಾಂಕಿನ ವಿಚಾರ ನಮಗೆ ಬೇಡ' ಎನ್ನುವ ನಮ್ಮವರಿಗೂ ಒಂದು ಮಾತು. ಬಡ್ಡಿ ನಿಷಿದ್ಧವೆಂಬುದರಲ್ಲಿ ರಾಜಿಯಿಲ್ಲ. ಆದರೆ ಲೀಜಿಗೆ ಗದ್ದೆ ಮಾಡುವ ನಮ್ಮ ಸಹೋದರನ ಹೆಸರು ಪಹಣಿಯಲ್ಲಿರುವುದಿಲ್ಲ. ಅವನು ದಲಾಲಿ ಅಂಗಡಿಯ ಮುಂದೆ ನಿಲ್ಲುತ್ತಾನೆ. ಅವನ ಮಡದಿ ಮೈಕ್ರೋ ಫೈನಾನ್ಸಿನ ವಾರದ ಕಂತಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಆ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿಯ ವಿರುದ್ಧ ಪ್ರವಚನ ಕೇಳಿ ಮನೆಗೆ ಮರಳುವ ನಾವು, ಅವನಿಗೆ ಬಡ್ಡಿಯಿಲ್ಲದ ಹತ್ತು ಸಾವಿರ ರೂಪಾಯಿ ಕೊಟ್ಟಿದ್ದೇವೆಯೇ? ಕೊಡದವರಿಗೆ ಅವನನ್ನು ದೂಷಿಸುವ ಅಧಿಕಾರವಿಲ್ಲ.

ಆದುದರಿಂದ ಎರಡು ಕೆಲಸ ಆಗಬೇಕು. ಗ್ರಾಮೀಣ ಬ್ಯಾಂಕು ತನ್ನ ಹೊಸ ಗುರಿಪಟ್ಟಿಯಲ್ಲಿ ಲಾಭದ ಅಂಕಿಯ ಪಕ್ಕದಲ್ಲಿ, ಎಷ್ಟು ಸಣ್ಣ ರೈತರಿಗೆ ಸಾಲ ತಲುಪಿತು, ನೀರಿಲ್ಲದ ಹಂಗಾಮಿನಲ್ಲಿ ಎಷ್ಟು ಜನರಿಗೆ ಅವಧಿ ವಿಸ್ತರಿಸಿತು ಎಂಬುದನ್ನೂ ಬರೆಯಲಿ. ಪ್ರತಿಯೊಂದು ಜಮಾಅತ್ ಬೈತುಲ್ ಮಾಲ್‌ನಲ್ಲಿ ಬಡ್ಡಿರಹಿತ ಸಾಲಕ್ಕೆಂದು ಒಂದು ಪಾಲನ್ನು ತೆಗೆದಿಡಲಿ. ಲೆಕ್ಕವನ್ನು ಬರೆದಿಡಲಿ, ವಾಯಿದೆಯನ್ನು ಬೆಳೆ ನೋಡಿ ಗೊತ್ತುಮಾಡಲಿ. ಬ್ಯಾಂಕಿನಿಂದ ನ್ಯಾಯ ಕೇಳುವವರು ತಮ್ಮ ಮೊಹಲ್ಲಾದಲ್ಲಿ ಅದನ್ನು ಮಾಡಿ ತೋರಿಸಬೇಕು. ಸಾಲಗಾರನ ಕುತ್ತಿಗೆಯ ಹೊರೆಯನ್ನು ಇಳಿಸುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ.