ಗೆದ್ದ ನಗರ, ಸೋತ ಯುದ್ಧ

ಕೋಟೆಯನ್ನು ಹಿಡಿಯುವುದು ಒಂದು ವಿದ್ಯೆ. ಕೋಟೆಯೊಳಗಿನ ಜನರ ಮನಸ್ಸನ್ನು ಗೆಲ್ಲುವುದು ಬೇರೆಯೇ ವಿದ್ಯೆ. ಮೊದಲನೆಯದರಲ್ಲಿ ಪಾರಂಗತವಾದ ಸೇನೆಯು ಎರಡನೆಯದನ್ನು ಅರಿಯದೆ ಸೋತುದಕ್ಕೆ 1957ರ ಆಲ್ಜಿಯರ್ಸ್ ಕಾಳಗವು ತಕ್ಕ ನಿದರ್ಶನ.

ಫ್ರೆಂಚರ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದಲ್ಲಿ ರಾಷ್ಟ್ರೀಯ ವಿಮೋಚನಾ ರಂಗವು 1954ರಲ್ಲಿ ಸಶಸ್ತ್ರ ದಂಗೆಯನ್ನು ಆರಂಭಿಸಿತು. 1956ರಲ್ಲಿ ಅದು ರಾಜಧಾನಿ ಆಲ್ಜಿಯರ್ಸಿನ ಉಪಾಹಾರಗೃಹಗಳಲ್ಲಿ ಇರಿಸಿದ ಬಾಂಬುಗಳು ನಿರಪರಾಧಿಗಳನ್ನು ಬಲಿಗೊಂಡವು. ಆ ಕೃತ್ಯವನ್ನು ಯಾವ ನ್ಯಾಯವೂ ಒಪ್ಪದು. ಆದರೆ ಅದಕ್ಕೆ ದೊರೆತ ಉತ್ತರವೂ ನ್ಯಾಯವಾಗಿರಲಿಲ್ಲ.

1957ರ ಜನವರಿಯಲ್ಲಿ ನಗರದ ಪೊಲೀಸು ಅಧಿಕಾರವು ಜನರಲ್ ಮಸ್ಸು ಅವರ ಪ್ಯಾರಾಚೂಟ್ ದಳಕ್ಕೆ ದೊರೆಯಿತು. ಇಕ್ಕಟ್ಟಾದ ಓಣಿಗಳ ಹಳೆಯ ಬಡಾವಣೆ ಕಸ್ಬಾದ ಸುತ್ತ ಮುಳ್ಳುತಂತಿ ಎದ್ದಿತು. ಮನೆಮನೆಯ ಶೋಧ ನಡೆಯಿತು. ಸಾವಿರಾರು ಜನ ಬಂಧಿತರಾದರು. ಬಾಯಿ ಬಿಡಿಸಲು ನೀರು, ವಿದ್ಯುತ್ತುಗಳಿಂದ ಚಿತ್ರಹಿಂಸೆ ಕೊಡಲಾಯಿತು. ಒಯ್ಯಲ್ಪಟ್ಟ ಅನೇಕರು ಮರಳಿ ಬರಲೇ ಇಲ್ಲ. ಅಕ್ಟೋಬರ್ ವೇಳೆಗೆ ಬಂಡಾಯಗಾರರ ಜಾಲ ಹರಿದುಹೋಯಿತು, ಸೇನೆ ಗೆದ್ದಿತು.

ಒಬ್ಬನನ್ನು ಹಿಂಸಿಸಿ ನೂರು ಜೀವಗಳನ್ನು ಉಳಿಸಬಹುದಲ್ಲವೇ ಎಂದು ಈ ವಿಧಾನದ ಸಮರ್ಥಕರು ಕೇಳುತ್ತಾರೆ. ಇದಕ್ಕೆ ಉತ್ತರ ಫ್ರೆಂಚರ ನಡುವಿನಿಂದಲೇ ಬಂದಿತು. ನಗರದ ಪೊಲೀಸು ಆಡಳಿತದ ಹಿರಿಯ ಅಧಿಕಾರಿ ಪಾಲ್ ತೆತ್ಜೆನ್, ಹಿಂದೆ ನಾಜಿಗಳಿಂದ ಚಿತ್ರಹಿಂಸೆ ಅನುಭವಿಸಿದ್ದವರು. ಬಂದಿಗಳ ಮೈಮೇಲೆ ಅವೇ ಗುರುತುಗಳನ್ನು ಕಂಡು ಅವರು ರಾಜೀನಾಮೆ ಸಲ್ಲಿಸಿದರು. ಜನರಲ್ ಬೊಲ್ಲಾರ್ದಿಯೇರ್ ತಮ್ಮ ಹುದ್ದೆಯಿಂದ ಬಿಡುಗಡೆ ಬೇಡಿದರು. ಬಹಿರಂಗವಾಗಿ ಆಕ್ಷೇಪಿಸಿದ್ದಕ್ಕಾಗಿ 60 ದಿನಗಳ ಸೆರೆವಾಸವನ್ನೂ ಅನುಭವಿಸಿದರು.

ಹಿಂಸೆಯಿಂದ ಒಂದು ಹೆಸರು ದೊರೆತಿರಬಹುದು. ಆದರೆ ಹಿಂಸೆಗೊಳಗಾದವನ ತಂದೆ, ತಾಯಿ, ಒಡಹುಟ್ಟಿದವರು ಶಾಶ್ವತವಾಗಿ ಎದುರು ಪಕ್ಷಕ್ಕೆ ಸೇರಿದರು. 1960ರ ಡಿಸೆಂಬರಿನಲ್ಲಿ, ಗೆದ್ದೆವೆಂದು ಸೇನೆ ಭಾವಿಸಿದ್ದ ಅದೇ ಬೀದಿಗಳಲ್ಲಿ ಸ್ತ್ರೀಯರೂ ಮಕ್ಕಳೂ ಸ್ವಾತಂತ್ರ್ಯದ ಧ್ವಜ ಹಿಡಿದು ಹೊರಬಂದರು. 1962ರಲ್ಲಿ ಆಲ್ಜೀರಿಯಾ ಸ್ವತಂತ್ರವಾಯಿತು.

ಕಳಂಕ ಮಾತ್ರ ಅಲ್ಲಿಗೆ ಅಳಿಯಲಿಲ್ಲ. ಸೈನಿಕರು 1957ರಲ್ಲಿ ಬಂಧಿಸಿದ ಗಣಿತದ ಯುವ ಅಧ್ಯಾಪಕ ಮೋರಿಸ್ ಓದಾನ್ ತಪ್ಪಿಸಿಕೊಂಡು ಹೋದರೆಂದು ಸೇನೆ ಹೇಳಿತ್ತು. ಅವರ ಸಾವಿಗೆ ಚಿತ್ರಹಿಂಸೆಯ ವ್ಯವಸ್ಥೆಯೇ ಕಾರಣವೆಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2018ರಲ್ಲಿ. ಅಷ್ಟು ಕಾಲವೂ ಅವರ ಪತ್ನಿ ಸತ್ಯಕ್ಕಾಗಿ ಕಾದಿದ್ದರು.

ಜನರ ನಡುವೆ ಹೋರಾಡುವ ಸೈನಿಕನಿಗೆ ಶೌರ್ಯದಷ್ಟೇ ಸಂಯಮವೂ ಆಯುಧ. ಅದನ್ನು ಕೆಳಗಿಟ್ಟವನು ನಗರವನ್ನು ಗೆಲ್ಲಬಹುದು, ಯುದ್ಧವನ್ನು ಗೆಲ್ಲಲಾರನು.